ಬಿಸಿಯಾದರೆ ಮುಗ್ಗರಿಸುವ ಎಂಜಿನ್

ಆ ರಸ್ತೆಯ ಹನ್ನೊಂದು ಮನೆಗಳ ಹೊಲ ಉಳುವುದಕ್ಕೆ ಇದ್ದದ್ದು ಒಂದೇ ಟ್ರ್ಯಾಕ್ಟರ್. ಅದರ ಸೀಟಿನ ಮೇಲೆ ಕೂರುತ್ತಿದ್ದದ್ದು ಒಬ್ಬಳೇ ಹೆಂಗಸು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಟ್ರ್ಯಾಕ್ಟರಕ್ಕ. ವಯಸ್ಸು ಐವತ್ತಾರು. ಮಾತು ಕಡಿಮೆ, ಬರವಣಿಗೆ ಜಾಸ್ತಿ. ಮಾತು ಕಡಿಮೆ ಎಂದರೆ ಬಿಗುಮಾನದವಳೆಂದಲ್ಲ. ಡೀಸೆಲ್ ಎಂಜಿನ್ನಿನ ಹಿಂದೆ ಮೂವತ್ತು ವರ್ಷ ಕೂತವರು, ಆಡಿದ್ದು ಯಾರಿಗೂ ಕೇಳಿಸುವುದಿಲ್ಲವೆಂದು ಗೊತ್ತಾಗಿ, ಕ್ರಮೇಣ ಆಡುವುದನ್ನೇ ಬಿಟ್ಟುಬಿಡುತ್ತಾರೆ. ಬರವಣಿಗೆ ಎಂದರೆ ಷೆಡ್ಡಿನ ಗೋಡೆಗೆ ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಬುಕ್ಕು. ಯಾವ ದಿನ, ಯಾರ ಹೊಲ, ಎಷ್ಟು ಹೊತ್ತು, ಹೊರಡುವಾಗ ಟ್ಯಾಂಕಿನಲ್ಲಿ ಡೀಸೆಲ್ ಅಳತೆಕಡ್ಡಿಯ ಎಷ್ಟನೇ ಗೆರೆಗಿತ್ತು, ಆಯಿಲ್ ಬದಲಾಯಿಸಿದ್ದು ಯಾವಾಗ, ಎಲ್ಲವೂ ಅದರಲ್ಲಿ.

ಟ್ರ್ಯಾಕ್ಟರ್ ಅಪ್ಪ ಕೊಂಡದ್ದು. ಅಪ್ಪ ಹೋದ ಮೇಲೆ ಅರ್ಧ ಪಾಲು ಅವಳದು, ಅರ್ಧ ತಮ್ಮನದು. ತಮ್ಮ ಬಸ್ ಡ್ರೈವರ್. ದಿನ ಬಿಟ್ಟು ದಿನ ಡ್ಯೂಟಿ. ರಜೆ ಇದ್ದಾಗ, ಅಕ್ಕ ಬೆಳಗಿನ ಉಳುಮೆ ಮುಗಿಸಿ ಬಂದ ಮೇಲೆ, ಮಧ್ಯಾಹ್ನ ಅವನು ಟ್ರ್ಯಾಕ್ಟರ್ ಹತ್ತಿ ಮನೆಯ ಹೊಲಕ್ಕೆ ಹೋಗುತ್ತಿದ್ದ. ಬಸ್ಸಿಗೆ ಡಿಪೋದವರೇ ಡೀಸೆಲ್ ತುಂಬಿಸಿಕೊಟ್ಟು ರೂಢಿಯಾಗಿ, ಟ್ಯಾಂಕ್ ಎನ್ನುವುದೊಂದು ಇದೆಯೆಂಬುದೇ ಅವನಿಗೆ ಗಾಡಿ ನಿಂತಾಗ ಮಾತ್ರ ನೆನಪಾಗುತ್ತಿತ್ತು. ಅಕ್ಕ ಹಾಗಲ್ಲ. ಎಷ್ಟೇ ಸುಸ್ತಾಗಿರಲಿ, ದಿನದ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಯೇ ಷೆಡ್ಡಿನ ಬಾಗಿಲು ಹಾಕುವಳು. ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ, ಆ ನೀರು ಪಂಪಿಗೆ ಹೋದರೆ ಕೆಟ್ಟದ್ದು. ಇದು ಅಪ್ಪ ಹೇಳಿಕೊಟ್ಟದ್ದು, ಸರಿಯಾದದ್ದೂ ಹೌದು.

ಈ ಸಲ ಉಳುಮೆ ಶುರುವಾದ ದಿನದಿಂದಲೇ ಎಂಜಿನ್ ಕೈಕೊಡತೊಡಗಿತು. ಬೆಳಿಗ್ಗೆ ಅರ್ಧ ಸುತ್ತಿಗೇ ಹತ್ತುತ್ತಿತ್ತು. ಇಪ್ಪತ್ತು ನಿಮಿಷ ನೇಗಿಲನ್ನು ಆಟಿಕೆಯಂತೆ ಎಳೆಯುತ್ತಿತ್ತು. ಆಮೇಲೆ ಸದ್ದು ತೆಳುವಾಗುತ್ತಿತ್ತು. ಕಾಲಿನಡಿ ಪೆಡಲ್ ಎಷ್ಟು ಒತ್ತಿದರೂ ಶಕ್ತಿ ಬಾರದೆ, ಎರಡು ಸಲ ಮುಗ್ಗರಿಸಿ, ಸಾಲಿನ ನಟ್ಟನಡುವೆ ನಿಂತುಬಿಡುತ್ತಿತ್ತು. ನಿಂತ ಕೂಡಲೇ ಹತ್ತಿರವಿದ್ದವರು ಯಾರೇ ಆಗಲಿ ಮಾಡುತ್ತಿದ್ದ ಕೆಲಸ ಒಂದೇ: ಟ್ಯಾಂಕಿನ ಮುಚ್ಚಳ ತಿರುಗಿಸಿ ಡೀಸೆಲ್ ಇದೆಯೇ ಎಂದು ಇಣುಕುವುದು. ಇರುತ್ತಿತ್ತು. ಆಮೇಲೆ ಫಿಲ್ಟರಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯುವುದು, ಹತ್ತು ನಿಮಿಷ ಆರಲು ಬಿಡುವುದು. ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹತ್ತುತ್ತಿತ್ತು.

ಬಿಸಿಲೂ ಆ ವಾರವೇ ಏರಿತ್ತು. ಹಾಗಾಗಿ ರಸ್ತೆಯುದ್ದಕ್ಕೂ ಒಂದೇ ಮಾತು: ಟ್ರ್ಯಾಕ್ಟರಿಗೆ ಬಿಸಿ ಆಗಿಬರುತ್ತಿಲ್ಲ.

ಮಂಗಳವಾರ ಮೇಸ್ತ್ರಿ ಬಂದರು. ಆ ಸುತ್ತಿನ ಎಂಜಿನ್ನುಗಳನ್ನೆಲ್ಲ ರಿಪೇರಿ ಮಾಡುವವರು, ಅಪ್ಪನ ಕಾಲದಿಂದ ಪರಿಚಯ. ಹೋದ ವಾರವೇ ಫಿಲ್ಟರ್ ಬದಲಾಯಿಸಿದ್ದರು. ಅಂದು ಷೆಡ್ಡಿನ ಮುಂದೆ ಎಂಜಿನ್ ಹಚ್ಚಿ, ಸ್ಟೂಲಿನ ಮೇಲೆ ಕೂತು, ಒಂದು ಗಂಟೆ ಕಾದರು. ನಿಂತ ಜಾಗದಲ್ಲಿ ಅದು ಮಿಸುಕಲಿಲ್ಲ, ಕೆಮ್ಮಲಿಲ್ಲ. ನೇಗಿಲು ಹೂಡಿ ಹೊಲಕ್ಕಿಳಿಸಿದರೆ ಇಪ್ಪತ್ನಾಲ್ಕನೇ ನಿಮಿಷಕ್ಕೆ ನಿಂತಿತು. ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

“ಬಿಸಿಯಾದ ಮೇಲೆ ಕಂಪ್ರೆಶನ್ ಬಿಟ್ಟುಕೊಡ್ತಿದೆ ಕಣಕ್ಕ, ಒಳಗೆ ಒತ್ತಡ ನಿಲ್ತಿಲ್ಲ. ಪಿಸ್ಟನ್ನಿನ ರಿಂಗ್ ಹೋಗಿದೆ, ಲೈನರ್ ಹೋಗಿದೆ. ಈ ಮಾಡೆಲ್ಲಿಗೆ ಸಾಮಾನು ಮಾಡ್ತಿದ್ದ ಕಂಪನಿಯೇ ಹೋಗಿದೆ.”

“ಕಂಪ್ರೆಶನ್ ಹೋಗಿದ್ರೆ ಬಿಸಿ ಎಂಜಿನ್ ಹತ್ತೋಕೆ ಒದ್ದಾಡ್ಬೇಕಲ್ವಾ ಮೇಸ್ತ್ರಿ? ಇದು ಹತ್ತೇ ನಿಮಿಷಕ್ಕೆ ಹತ್ತುತ್ತೆ.”

“ಅದನ್ನೇ ಹೇಳ್ತಿರೋದು. ತಣ್ಣಗಾದ್ರೆ ಸರಿ, ಬಿಸಿಯಾದ್ರೆ ನೋವು. ನನ್ನ ಮೊಣಕಾಲಿನ ಉಲ್ಟಾ.”

ಅಕ್ಕ ನಗಲಿಲ್ಲ. “ಎಂಜಿನ್ ಉಸಿರು ಬಿಡೋ ಬ್ರೀದರ್ ಪೈಪಲ್ಲಿ ಹೊಗೆ ಇಲ್ಲ. ರಿಂಗ್ ಹೋಗಿದ್ರೆ ಅಲ್ಲಿ ಹೊಗೆ ಕಕ್ಕಬೇಕು. ನಿಲ್ಲೋ ಮುಂಚೆ ಸೈಲೆನ್ಸರಲ್ಲೂ ಕಪ್ಪು ಹೊಗೆ ಇಲ್ಲ. ಇದು ಭಾರಕ್ಕೆ ಸೋತು ನಿಲ್ತಿಲ್ಲ. ಹಸಿದು ನಿಲ್ತಿದೆ.”

“ಹಸಿವಾ? ಫಿಲ್ಟರ್ ಹೊಸದು, ಡೀಸೆಲ್ ಎಳೆಯೋ ಫೀಡ್ ಪಂಪಿನ ಡಯಾಫ್ರಾಮ್ ಹೊಸದು, ಪೈಪೆಲ್ಲ ನಾನೇ ಊದಿ ನೋಡಿದೀನಿ. ಇನ್ನೇನು, ತುತ್ತು ಮಾಡಿ ತಿನ್ನಿಸ್ಲಾ?”

ತಮ್ಮ ಅಂದು ರಜೆಯಲ್ಲಿದ್ದ. ಇಬ್ಬರ ಮಾತನ್ನೂ ಕೇಳಿಸಿಕೊಂಡು, ಹೇಳಬೇಕೆಂದು ಮೂರು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದುದನ್ನು ಹೊರಹಾಕಿದ.

“ಅಕ್ಕ, ನಾನು ಗುಜರಿಯವನಿಗೆ ಹೇಳಿಬಿಟ್ಟಿದೀನಿ. ಶನಿವಾರ ಹತ್ತು ಗಂಟೆಗೆ ಲಾರಿ ತರ್ತಾನೆ.”

“ನನ್ನನ್ನ ಕೇಳಿದ್ಯಾ?”

“ಈಗ ಕೇಳ್ತಿದೀನಲ್ಲ. ದಿನಾ ಹೊಲದ ಮಧ್ಯೆ ನಿಂತು ನೀನು ಒದ್ದಾಡೋದು ನೋಡೋಕಾಗಲ್ಲ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಹೇಳೋಣ. ನಿನಗೂ ಆರಾಮ. ಅವರದೇ ಡ್ರೈವರ್ ಬರ್ತಾನೆ.”

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವರದೇ ಡ್ರೈವರ್ ಬರುತ್ತಾನೆ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಟ್ರ್ಯಾಕ್ಟರ್ ಲಾರಿ ಹತ್ತಿದರೆ ಅದರ ಜೊತೆ ಹೋಗುವುದು ಎರಡು ಟನ್ ಕಬ್ಬಿಣವಷ್ಟೇ ಅಲ್ಲ. ಬೆಳಿಗ್ಗೆ ಎದ್ದು ತಾನು ಎಲ್ಲಿಗೆ ಹೋಗಬೇಕು ಎನ್ನುವುದೂ ಹೋಗುತ್ತದೆ.

“ಶನಿವಾರದೊಳಗೆ ತೊಂದರೆ ಹುಡುಕಿದ್ರೆ?”

ತಮ್ಮ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಆಕಾಶ ನೋಡಿದರು. “ಮೇಲಿನ ಹೊಲವನ್ನ ಒಂದೇ ಉಸಿರಿಗೆ ಉತ್ತು ತೋರಿಸು,” ಎಂದ ತಮ್ಮ. “ಎರಡು ಗಂಟೆ ಕೆಲಸ. ಒಂದು ಸಲಾನೂ ನಿಲ್ಲಬಾರದು. ಆಗ ಲಾರಿ ಖಾಲಿ ವಾಪಸ್ಸು.”

“ಆಯ್ತು,” ಎಂದಳು ಅಕ್ಕ.

ಅಂದು ಅಕ್ಕ ನಿಂತು ನಿಂತು ಬೆಳಗಿನ ಉಳುಮೆ ಮುಗಿಸಿದ ಮೇಲೆ, ಮಧ್ಯಾಹ್ನ ತಮ್ಮನೇ ಟ್ರ್ಯಾಕ್ಟರ್ ಹತ್ತಿ, ನೆತ್ತಿ ಸುಡುವ ಬಿಸಿಲಿನಲ್ಲಿ ಒಂದೂವರೆ ಗಂಟೆ ಉತ್ತು ಬಂದ. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಇಳಿಯುವಾಗ ಬಾನೆಟ್ಟಿನ ಮೇಲೆ ತಟ್ಟಿ, “ಕೈಗುಣ,” ಎಂದ. “ನನ್ನ ಕೈಯಲ್ಲಿ ಹಸು ಇದ್ದಹಾಗಿರುತ್ತೆ. ನಿನ್ನ ಮೇಲೇ ಯಾಕೋ ಅದಕ್ಕೆ ಕೋಪ.”

ಊಟದ ಹೊತ್ತಿಗೆ ತಮ್ಮನ ಹೆಂಡತಿ ಅದನ್ನೇ ಕೆದಕಿದಳು. ಅವಳು ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸದವಳು. ಎರಡು ಕ್ಯಾನಿನ ಹಾಲು ಒಂದೇ ಥರ ಇಲ್ಲವೆಂದರೆ ಏಕೆಂದು ತಿಳಿಯುವ ತನಕ ಸಮಾಧಾನವಿಲ್ಲ.

“ಅತ್ತಿಗೆ, ಇವರು ಓಡಿಸಿದಾಗ ಯಾವತ್ತೂ ನಿಂತೇ ಇಲ್ವಂತೆ. ಹೌದಾ?”

“ಹೌದು.”

“ಅದು ಹೇಗೆ? ಇವರು ಓಡಿಸೋದು ಮಧ್ಯಾಹ್ನ. ಬಿಸಿ ಜಾಸ್ತಿ ಇರೋದು ಆಗಲ್ವಾ?”

ತಮ್ಮ ತಟ್ಟೆಯಿಂದ ತಲೆಯೆತ್ತದೆ, “ಕೈಗುಣ ಅಂತ ಹೇಳಿದೆನಲ್ಲ,” ಎಂದ.

“ನಿಮ್ಮ ಕೈಗುಣ ನನಗೆ ಗೊತ್ತಿಲ್ವಾ? ಮನೆಯ ನಲ್ಲಿ ರಿಪೇರಿ ಮಾಡಿ ಹಾಲ್‌ ಪೂರ್ತಿ ನೀರು ಮಾಡಿದ್ರಿ.”

ಅಕ್ಕ ಊಟ ನಿಲ್ಲಿಸಿದ್ದಳು. ಆ ಪ್ರಶ್ನೆ ಅವಳಿಗೂ ಬಂದಿರಬೇಕಿತ್ತು. ತಮ್ಮ ಕೊಂಕು ಆಡುತ್ತಾನೆಂಬ ಸಿಟ್ಟಿನಲ್ಲಿ ಅವನ ಮಾತಿನೊಳಗಿದ್ದ ಸಂಗತಿಯನ್ನೇ ಅವಳು ಬದಿಗಿಟ್ಟಿದ್ದಳು. “ನಿಮ್ಮ ಡೇರಿಯ ಥರ್ಮಾಮೀಟರ್ ನಾಲ್ಕು ದಿನಕ್ಕೆ ಸಿಗುತ್ತಾ?” ಎಂದು ನಾದಿನಿಯನ್ನು ಕೇಳಿದಳು.

“ನನ್ನ ಚೀಲದಲ್ಲೇ ಒಂದಿದೆ, ಇಟ್ಕೊಳ್ಳಿ. ಒಡೆದ್ರೆ ಮಾತ್ರ ನನ್ನ ತಲೆ ಹೋಗುತ್ತೆ.”

ಬುಧವಾರ ಅಕ್ಕ ಥರ್ಮಾಮೀಟರನ್ನು ರೇಡಿಯೇಟರಿನ ಮೇಲಿನ ಹೋಸಿಗೆ, ಅಂದರೆ ಬಿಸಿನೀರು ಹಾಯುವ ರಬ್ಬರ್ ಕೊಳವೆಗೆ, ಬಟ್ಟೆ ಸುತ್ತಿ ಕಟ್ಟಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ಎಂಜಿನ್ ಬಿಸಿ ಎನ್ನುವ ಬದಲು ಎಷ್ಟು ಬಿಸಿ ಎಂದು ಬರೆದುಕೊಂಡಳು. ಇಪ್ಪತ್ತೆರಡನೇ ನಿಮಿಷಕ್ಕೆ ನಿಂತಿತು. ಎಂಬತ್ತನಾಲ್ಕು ಡಿಗ್ರಿ. ಮುಚ್ಚಳ ತೆಗೆದು ನೋಡಿ, ಗಾಳಿ ತೆಗೆದು, ಮತ್ತೆ ಹಚ್ಚಿದಳು. ಎರಡನೇ ಸಲ ನಿಂತದ್ದು ಮೂವತ್ತೊಂದು ನಿಮಿಷಕ್ಕೆ. ಮೂರನೇ ಸಲ ನಲವತ್ತೈದಕ್ಕೆ. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ, ಹೋಸು ಎಂಬತ್ತೊಂಬತ್ತಕ್ಕೆ ಏರಿತ್ತು.

ಷೆಡ್ಡಿಗೆ ಬಂದು, ತೂಗುಹಾಕಿದ ನೋಟ್‌ಬುಕ್ಕನ್ನು ದಾರದಿಂದ ಬಿಚ್ಚಿ, ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಳು. ನಿಂತ ವೇಳೆಯನ್ನೆಲ್ಲ ಅವಳು ಮೊದಲ ದಿನದಿಂದಲೂ ಬರೆದಿದ್ದಳು. ಬರೆದಿದ್ದಳು, ಓದಿರಲಿಲ್ಲ. ಈಗ ಬೆರಳಿಟ್ಟು ಓದಿದರೆ ಪ್ರತಿದಿನವೂ ಅದೇ ಕಥೆ: ಮೊದಲ ಸಲ ಇಪ್ಪತ್ತರ ಆಸುಪಾಸು, ಎರಡನೆಯದು ಮೂವತ್ತು, ಮೂರನೆಯದು ಇನ್ನೂ ತಡವಾಗಿ. ದಿನ ಬಿಸಿಯಾದಂತೆಲ್ಲ ಎಂಜಿನ್ ಹೆಚ್ಚು ಹೊತ್ತು ಓಡುತ್ತಿತ್ತು. ಬಿಸಿಗೆ ಹೆದರುವ ಎಂಜಿನ್ ಹೀಗೆ ಮಾಡುವುದಿಲ್ಲ.

ಒಂದು ದಿನದ ಸಾಲಿನ ಮುಂದೆ ಅವಳದೇ ಅಕ್ಷರದಲ್ಲಿ, ‘ಇವತ್ತು ವಾಸಿ, ಒಂದು ಗಂಟೆ ಹತ್ತು ನಿಮಿಷ ಓಡಿತು, ಮೋಡ ಇತ್ತು’ ಎಂದಿತ್ತು. ಮೋಡ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬಿಸಿಲು ಕಾರಣವೆಂದು ಮೊದಲೇ ತೀರ್ಮಾನಿಸಿ ಕೂತಿದ್ದವಳಿಗೆ ಆಕಾಶದಲ್ಲಿ ಮೋಡ ಕಂಡಿತ್ತು. ಪಕ್ಕದ ಕಾಲಮ್ಮಿನಲ್ಲಿದ್ದ ಇನ್ನೊಂದು ಸಂಗತಿ ಕಂಡಿರಲಿಲ್ಲ: ಹಿಂದಿನ ಸಂಜೆ ಬಂಕಿನಲ್ಲಿ ಡೀಸೆಲ್ ಇರಲಿಲ್ಲ, ಟ್ಯಾಂಕ್ ಮೂರನೇ ಒಂದು ಭಾಗದಷ್ಟೇ ಇತ್ತು.

ಅವಳು ಖಾಲಿ ಹಾಳೆಯೊಂದನ್ನು ತೆಗೆದುಕೊಂಡು ನಡುವೆ ಗೆರೆ ಎಳೆದಳು. ಒಂದು ಕಡೆ ತಾನು, ಒಂದು ಕಡೆ ತಮ್ಮ. ಗೇರ್ ಅದೇ. ನೇಗಿಲು ಅದೇ. ಮಣ್ಣು ಅದೇ. ತಮ್ಮ ಮಧ್ಯಾಹ್ನ ಹತ್ತುವಾಗ, ಬೆಳಿಗ್ಗೆ ತಾನು ಸುಟ್ಟ ಡೀಸೆಲ್ಲನ್ನು ಯಾರೂ ಮತ್ತೆ ತುಂಬಿಸಿರುವುದಿಲ್ಲ. ತಾನು ಬೆಳಿಗ್ಗೆ ಹತ್ತುವಾಗ ಟ್ಯಾಂಕ್ ಕಂಠಮಟ್ಟ.

“ಏನು ಅತ್ತಿಗೆ, ಲೆಕ್ಕ ತಪ್ಪಿದ ಮಗು ಥರ ಕೂತಿದೀರಾ?” ಡೇರಿಯಿಂದ ಬಂದ ನಾದಿನಿ ಚೀಲ ಕೆಳಗಿಡುತ್ತ ಕೇಳಿದಳು.

“ಹೊಟ್ಟೆ ತುಂಬಿದ್ರೆ ಹಸಿವಾಗುತ್ತೆ, ಹೊಟ್ಟೆ ಖಾಲಿ ಇದ್ರೆ ಹಸಿವಾಗಲ್ಲ. ಇಂಥ ಪ್ರಾಣಿ ಎಲ್ಲಾದ್ರೂ ನೋಡಿದೀಯಾ?”

“ನಿಮ್ಮ ತಮ್ಮ ಇದಾರಲ್ಲ. ಊಟ ಆದ ಅರ್ಧ ಗಂಟೆಗೆ ಡಬ್ಬ ತಡಕಾಡ್ತಾರೆ.”

ಅಕ್ಕನಿಗೆ ಅಂದು ಮೊದಲ ಸಲ ನಗು ಬಂತು.

ಆದರೆ ಹಾಳೆಯ ಮೇಲಿನ ಹೋಲಿಕೆ ಹೊಲದಲ್ಲಿ ನಿಲ್ಲಬೇಕು. ಗುರುವಾರ ಅವಳು ಟ್ಯಾಂಕಿನಿಂದ ಡೀಸೆಲ್ ಬಸಿದು ಕ್ಯಾನಿಗೆ ತುಂಬಿ, ಮೂರನೇ ಒಂದು ಭಾಗ ಮಾತ್ರ ಉಳಿಸಿ, ಬೇಕೆಂದೇ ಮಧ್ಯಾಹ್ನ ಹನ್ನೆರಡೂವರೆಗೆ ಹೊಲಕ್ಕಿಳಿದಳು. ಹೋಸು ಎಂಬತ್ತೊಂಬತ್ತಕ್ಕೆ ಏರಿ, ಇಳಿದು, ಮತ್ತೆ ಏರಿತು. ಒಂದು ಗಂಟೆ ಕಳೆಯಿತು. ಒಂದು ಗಂಟೆ ಐದು ನಿಮಿಷಕ್ಕೆ ಉಳುವುದಕ್ಕೆ ಜಾಗ ಮುಗಿದು ಅವಳೇ ನಿಲ್ಲಿಸಬೇಕಾಯಿತು. ಶುಕ್ರವಾರ ಟ್ಯಾಂಕ್ ಕಂಠಮಟ್ಟ ತುಂಬಿಸಿ, ಇಬ್ಬನಿ ಆರುವ ಮೊದಲೇ, ಬೆಳಗಿನ ಆರು ಗಂಟೆಯ ತಂಪಿನಲ್ಲಿ ಹೊರಟಳು. ಇಪ್ಪತ್ತೊಂದನೇ ನಿಮಿಷಕ್ಕೆ ನಿಂತಿತು. ಹೋಸು ಎಪ್ಪತ್ತೊಂದು ಡಿಗ್ರಿ. ಅಂಗೈ ಇಟ್ಟು ಸ್ವಲ್ಪ ಹೊತ್ತು ತಡೆಯಬಹುದಾದಷ್ಟು.

ಬಿಸಿಯ ಮೇಲಿದ್ದ ಆರೋಪ ಅಲ್ಲಿಗೆ ಬಿತ್ತು. ಹಾಗಾದರೆ ಯಾವುದು?

ಅವಳು ಸ್ಟೀರಿಂಗಿಗೆ ಮೊಣಕೈ ಊರಿ ಕೂತೇ ಇದ್ದಳು. ಡೀಸೆಲ್ ಜಾಸ್ತಿ ಇದ್ದರೆ ತೊಂದರೆ, ಕಡಿಮೆ ಇದ್ದರೆ ಇಲ್ಲ. ಜಾಸ್ತಿಯಾದ ಡೀಸೆಲ್ ತಾನಾಗಿ ಏನೂ ಕೆಡಿಸಲಾರದು. ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡಳು. ಡೀಸೆಲ್ ಜಾಸ್ತಿಯಾದಾಗ ಟ್ಯಾಂಕಿನೊಳಗೆ ಕಡಿಮೆಯಾಗುವುದು ಯಾವುದು? ಅದರೊಳಗೆ ಡೀಸೆಲ್ ಬಿಟ್ಟರೆ ಇರುವುದು ಇನ್ನೊಂದೇ ವಸ್ತು. ಗಾಳಿ.

ಗಾಳಿ ಎಂದೊಡನೆ ಅವಳ ಕಿವಿಯ ಬುಡ ಬೆಚ್ಚಗಾಯಿತು.

ಎರಡು ತಿಂಗಳ ಹಿಂದೆ, ಉಳುಮೆಗೆ ಮುಂಚೆ, ಅವಳು ಟ್ಯಾಂಕನ್ನು ಇಳಿಸಿ ತೊಳೆದಿದ್ದಳು. ತಳದಲ್ಲಿ ಒಂದು ಬೊಗಸೆ ಧೂಳಿನ ಕೆಸರು. ಮುಚ್ಚಳದೊಳಗೆ ಅಂಚಿಗಿದ್ದ ಹಳೆಯ ಬಿರಡೆಯ ಬಳೆ ಪುಡಿಯಾಗಿತ್ತು. ಮುಚ್ಚಳದ ನೆತ್ತಿಯಲ್ಲಿದ್ದ ಎರಡು ಸಣ್ಣ ತೂತುಗಳಿಂದಲೂ ಧೂಳು ಇಳಿಯುತ್ತಿರಬೇಕೆಂದುಕೊಂಡಳು. ಹಳೆಯ ಲಾರಿ ಟ್ಯೂಬಿನಿಂದ ಅಚ್ಚುಕಟ್ಟಾಗಿ ಒಂದು ರಬ್ಬರ್ ಬಿಲ್ಲೆ ಕತ್ತರಿಸಿ, ಅಂಚು ಉಜ್ಜಿ ನಯಗೊಳಿಸಿ, ಮುಚ್ಚಳದೊಳಗೆ ಕೂರಿಸಿದಳು. ನಡುವೆ ತೂತಿಲ್ಲದ, ಇಡೀ ಬಿಲ್ಲೆ. ನೋಟ್‌ಬುಕ್ಕಿನಲ್ಲಿ, ‘ಟ್ಯಾಂಕ್ ತೊಳೆದದ್ದು, ಮುಚ್ಚಳ ಭದ್ರ’ ಎಂದು ಬರೆದು ಸರಿ ಗುರುತು ಹಾಕಿದ್ದಳು. ಮುಂದಿನ ಎರಡು ತಿಂಗಳು ಟ್ರ್ಯಾಕ್ಟರ್ ಹತ್ತು ನಿಮಿಷದ ಸಾಗಾಟಕ್ಕೆ ಹೊರಟಿತೇ ಹೊರತು ಬೇರೆ ಕೆಲಸ ಮಾಡಿರಲಿಲ್ಲ. ಎಂಜಿನ್ ನಿಲ್ಲತೊಡಗಿದ ಮೇಲೆ ಪರೀಕ್ಷಿಸಬೇಕಾದ್ದರ ಪಟ್ಟಿ ಮಾಡಿದಾಗಲೂ ಮೊದಲ ಸಾಲು ಟ್ಯಾಂಕಿನದೇ ಆಗಿತ್ತು. ತಾನೇ ಮಾಡಿದ ಕೆಲಸವೆಂದು ನೋಡದೆಯೇ ಸರಿ ಗುರುತು ಹಾಕಿ ಎರಡನೇ ಸಾಲಿಗೆ ಹೋಗಿದ್ದಳು.

ಎಂಜಿನ್ ಡೀಸೆಲ್ ಹೀರಿದಷ್ಟೂ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರುವ ದಾರಿಯನ್ನು ಅವಳು ರಬ್ಬರ್ ಇಟ್ಟು ಮುಚ್ಚಿದ್ದಳು. ಟ್ಯಾಂಕ್ ತುಂಬಿದ್ದಾಗ ಒಳಗಿರುವುದು ಬರೀ ಎರಡು ಲೀಟರಿನಷ್ಟು ಗಾಳಿ. ಒಂದು ಲೀಟರ್ ಡೀಸೆಲ್ ಹೋದರೆ ಸಾಕು, ಅಷ್ಟೇ ಗಾಳಿ ಮೂರು ಲೀಟರಿನ ಜಾಗದಲ್ಲಿ ಹಿಗ್ಗಿ, ಡೀಸೆಲ್ಲನ್ನು ಪಂಪಿನಿಂದ ಹಿಂದಕ್ಕೆ ಜಗ್ಗತೊಡಗುತ್ತದೆ. ಟ್ಯಾಂಕ್ ಅರೆಬರೆ ಇದ್ದಾಗ ಒಳಗೆ ಗಾಳಿ ಧಾರಾಳ. ಜಗ್ಗಾಟ ಶುರುವಾಗುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ. ತಮ್ಮನ ಕೈಗುಣವೆಂದರೆ ಇದು. ಷೆಡ್ಡಿನ ಮುಂದೆ ಸುಮ್ಮನೆ ಓಡಿದ ಎಂಜಿನ್ ಅಷ್ಟು ಡೀಸೆಲ್ ಕುಡಿಯುವುದೇ ಇಲ್ಲ. ಮೇಸ್ತ್ರಿಗೆ ಏನೂ ಸಿಗದಿದ್ದದ್ದು ಅದಕ್ಕೆ. ಇನ್ನು ಎಂಜಿನ್ನನ್ನು ಪ್ರತಿಸಲ ವಾಸಿಮಾಡುತ್ತಿದ್ದದ್ದು ಹತ್ತು ನಿಮಿಷದ ವಿಶ್ರಾಂತಿಯಲ್ಲ. ಡೀಸೆಲ್ ಇದೆಯೇ ಎಂದು ನೋಡಲು ಮುಚ್ಚಳ ತಿರುಗಿಸುತ್ತಿದ್ದ ಕೈ.

ಅವಳು ಕೆಳಗಿಳಿದು, ಎಂಜಿನ್ ಸದ್ದಿಲ್ಲದೆ ನಿಂತಿರುವಾಗ, ಮುಚ್ಚಳದ ಹತ್ತಿರ ಕಿವಿ ಹಿಡಿದು ನಿಧಾನವಾಗಿ ತಿರುಗಿಸಿದಳು. ಬಿಗಿಯಾಗಿತ್ತು. ‘ಇಷ್ಟು ಬಿಗಿ ಯಾಕೆ ಹಾಕ್ತೀಯ’ ಎಂದು ತಮ್ಮ ಎಷ್ಟು ಸಲ ಗೊಣಗಿದ್ದ. ಕಾಲು ಸುತ್ತಿಗೆ, ಸುಸ್ಸ್ ಎಂದು ಗಾಳಿ ಒಳಕ್ಕೆ ಹೋಯಿತು. ಬಹಳ ಹೊತ್ತು ಹೋಯಿತು.

ಮನೆಗೆ ಬಂದಾಗ ನಾದಿನಿ ಡೇರಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಅಕ್ಕ ರಬ್ಬರ್ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು, ಇದ್ದದ್ದು ಇದ್ದಹಾಗೆ ಹೇಳಿದಳು. ನಾದಿನಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕೇಳಿ ಮುಗಿಸಿ, ಗೋಡೆಗೆ ಒರಗಿ ನಕ್ಕಳು.

“ಇಷ್ಟೇನಾ? ಮತ್ತೆ ಸುಮ್ಮನೆ ತೆಗೆದು ಎಸೆದುಬಿಡಿ. ನಾಳೆ ಹೊಲ ಉತ್ತು ತೋರಿಸಿ. ಏನಾಗಿತ್ತು ಅಂತ ಕೇಳಿದ್ರೆ ಸರಿಹೋಯ್ತು ಅನ್ನಿ.”

ಅಕ್ಕನಿಗೂ ದಾರಿಯಲ್ಲಿ ಅದೇ ಯೋಚನೆ ಬಂದಿತ್ತು. ಚೆನ್ನಾಗಿಯೇ ಇದ್ದ ಯೋಚನೆ. “ಅದು ಈ ಮೂರು ವಾರದಲ್ಲಿ ನಲವತ್ತು ಸಲ ಸರಿಹೋಗಿದೆ,” ಎಂದಳು. “ನಾಳೆ ಸರಿಹೋದ್ರೆ ನಾಡಿದ್ದು ಕೆಡುತ್ತೆ ಅಂತಾನೇ ಅವನು ಅಂದುಕೊಳ್ಳೋದು. ಗುಜರಿಯವನ ನಂಬರ್ ಅಳಿಸಲ್ಲ. ಕೆಡಿಸಿ ತೋರಿಸಿದ್ರೆ ಮಾತ್ರ ಸರಿಮಾಡಿದ್ದನ್ನ ನಂಬ್ತಾನೆ.”

“ನೀವೇ ಮಾಡಿದ್ದು ಅಂತ ಗೊತ್ತಾದ್ರೆ ಇವರು ಇನ್ನು ಹತ್ತು ವರ್ಷ ಆಡಿಕೊಳ್ತಾರೆ ಅತ್ತಿಗೆ.”

“ಆಡಿಕೊಳ್ಳಲಿ. ಹತ್ತು ವರ್ಷ ಟ್ರ್ಯಾಕ್ಟರ್ ಇರುತ್ತಲ್ಲ.”

ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಬಿಲ್ಲೆಯನ್ನು ಮೊದಲಿದ್ದ ಜಾಗಕ್ಕೇ ಕೂರಿಸಿ, ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಮುಚ್ಚಳ ಬಿಗಿದಿಟ್ಟಳು. ಮೇಸ್ತ್ರಿಯನ್ನೂ ಬರಹೇಳಿದ್ದಳು. ತಮ್ಮ ಹಲ್ಲುಜ್ಜಿ ಹೊರಬರುತ್ತಿದ್ದಂತೆ, “ಹತ್ತು,” ಎಂದಳು.

“ನಾನಾ? ಉತ್ತು ತೋರಿಸ್ತೀನಿ ಅಂದಿದ್ದು ನೀನು.”

“ಮೊದಲು ನಿಲ್ಲಿಸಿ ತೋರಿಸ್ತೀನಿ. ಆಮೇಲೆ ನಿಲ್ಲದ ಹಾಗೆ ಓಡಿಸ್ತೀನಿ. ನಿನ್ನ ಕೈಗುಣ ನೋಡೋಣ, ಹತ್ತು.”

ತಮ್ಮ ಭುಜ ಕುಣಿಸಿ ಹತ್ತಿದ. ಮನೆಯ ಪಕ್ಕದ ತುಂಡು ಹೊಲದಲ್ಲಿ ನೇಗಿಲು ಇಳಿಸಿ ಹೊರಟ. ಅಕ್ಕ ಬದುವಿನ ಮೇಲೆ ಗಡಿಯಾರ ಹಿಡಿದು ನಿಂತಳು. ಹದಿನೆಂಟನೇ ನಿಮಿಷದಲ್ಲಿ ತಮ್ಮ ಅವಳ ಕಡೆ ಕೈಬೀಸಿದ. ಇಪ್ಪತ್ತೆರಡನೇ ನಿಮಿಷದಲ್ಲಿ ಸದ್ದು ತೆಳುವಾಯಿತು. ಬೀಸಿದ ಕೈ ಸ್ಟೀರಿಂಗಿಗೆ ಮರಳಿತು, ಕಾಲು ಪೆಡಲ್ ಒತ್ತಿತು. ಎರಡು ಸಲ ಮುಗ್ಗರಿಸಿ ಎಂಜಿನ್ ನಿಂತಿತು.

ತಮ್ಮ ಅಭ್ಯಾಸಬಲದಿಂದ ಮುಚ್ಚಳಕ್ಕೆ ಕೈಹಾಕಿದ. “ಮುಟ್ಟಬೇಡ,” ಎಂದಳು ಅಕ್ಕ. ಅವಳ ದನಿ ಅಷ್ಟು ಜೋರಾಗಿದ್ದದ್ದನ್ನು ಅವನು ಕೇಳಿ ವರ್ಷಗಳಾಗಿದ್ದವು. “ಇಳಿದು ಬಾ. ಬಿಸಿಯಿಂದ ನಿಂತಿದ್ರೆ ಆರಿದ ಮೇಲೆ ಹತ್ತಬೇಕು ತಾನೇ? ಅರ್ಧ ಗಂಟೆ ಆರಲಿ.”

ಅರ್ಧ ಗಂಟೆ ಮೂವರೂ ಬದುವಿನ ಮೇಲೆ ಕೂತರು. ಬಾನೆಟ್ಟಿನ ತಗಡು ಟಕ್ ಟಕ್ ಎಂದು ಆರುತ್ತ ಬಂತು, ಆಮೇಲೆ ಅದೂ ಸುಮ್ಮನಾಯಿತು. ಹೋಸು ನಲವತ್ತೆಂಟಕ್ಕೆ ಇಳಿಯಿತು. ತಮ್ಮ ಕೀಲಿ ತಿರುಗಿಸಿದ. ಎಂಜಿನ್ ಸುತ್ತಿತು, ಕೆಮ್ಮಿತು, ಒಂದು ಕ್ಷಣ ಹತ್ತಿದಂತೆ ಮಾಡಿ ಸತ್ತಿತು. ಇನ್ನೊಮ್ಮೆ. ಅದೇ.

ಮೇಸ್ತ್ರಿ ಎದ್ದು ನಿಂತಿದ್ದರು. “ಈಗ ತಣ್ಣಗಿದೆಯಲ್ಲ,” ಎಂದು ತಮಗೇ ಹೇಳಿಕೊಂಡರು.

“ಹತ್ತಿರ ಬನ್ನಿ ಮೇಸ್ತ್ರಿ. ನೀನೂ ಬಾ.” ಅಕ್ಕ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದಳು. ಗಾಳಿ ಸುಸ್ಸೆಂದು ಒಳನುಗ್ಗುವುದು ಮೂವರಿಗೂ ಕೇಳಿಸಿತು. ಟ್ಯಾಂಕಿನ ತಗಡು ಎಲ್ಲೋ ಒಂದು ಕಡೆ ಡಬ್ ಎಂದು ಉಬ್ಬಿ ತನ್ನ ಆಕಾರಕ್ಕೆ ಬಂತು. ಪಂಪಿನ ಸಣ್ಣ ಹಿಡಿಯನ್ನು ಒತ್ತಿ ಗಾಳಿಗುಳ್ಳೆ ತೆಗೆದು, ಅವಳೇ ಕೀಲಿ ತಿರುಗಿಸಿದಳು. ಅರ್ಧ ಸುತ್ತಿಗೆ ಹತ್ತಿತು.

ಎಂಜಿನ್ ನಿಲ್ಲಿಸಿ, ಮುಚ್ಚಳ ಕಳಚಿ, ಉಗುರಿನಿಂದ ಬಿಲ್ಲೆಯನ್ನು ಎಬ್ಬಿಸಿ ತಮ್ಮನ ಕೈಗೆ ಕೊಟ್ಟಳು.

“ಇದನ್ನ ಹಾಕಿದ್ದು ನಾನು. ಧೂಳು ಹೋಗಬಾರದು ಅಂತ. ಗಾಳಿಯೂ ಹೋಗದ ಹಾಗೆ ಮಾಡಿಬಿಟ್ಟೆ. ಮೂರು ವಾರ ಎಲ್ಲರನ್ನೂ ಸುತ್ತಿಸಿದ್ದು ಎಂಜಿನ್ ಅಲ್ಲ, ನಾನು.”

ತಮ್ಮ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿ ತೆರೆದ. ಮೇಸ್ತ್ರಿ ಅವನಿಗಿಂತ ಮೊದಲೇ ಮಾತಾಡಿದರು. “ಎಷ್ಟು ನೀಟಾಗಿ ಕತ್ತರಿಸಿದೀಯ ಅಕ್ಕ. ಇಷ್ಟು ನೀಟಾಗಿಲ್ಲದಿದ್ರೆ ಎಲ್ಲಾದ್ರೂ ಸಂದಿಯಲ್ಲಿ ಗಾಳಿ ನುಸುಳ್ತಿತ್ತು, ತೊಂದರೆಯೇ ಇರ್ತಿರಲಿಲ್ಲ. ನನ್ನ ಕೈಯಲ್ಲಿ ಇಡೀ ಎಂಜಿನ್ ಬಿಚ್ಚಿಸಿಬಿಡ್ತಿದ್ದೆಯಲ್ಲ.” ಆಮೇಲೆ ದನಿ ತಗ್ಗಿಸಿ, “ರಿಂಗ್ ಹೋಗಿದೆ ಅಂದೋನು ನಾನು. ಅದನ್ನೂ ಬರೆದುಕೋ ನಿನ್ನ ಪುಸ್ತಕದಲ್ಲಿ,” ಎಂದರು.

“ನಾನು ಪ್ರತಿಸಲ ಮುಚ್ಚಳ ತೆಗೆದಾಗ ಸದ್ದು ಬರ್ತಿತ್ತು,” ಎಂದ ತಮ್ಮ. “ಬಿಗಿ ಇದೆ, ಅದಕ್ಕೇ ಅಂದುಕೊಂಡೆ.”

“ನಾನೂ ಅದೇ ಅಂದುಕೊಂಡಿದ್ದೆ.”

ಮೇಸ್ತ್ರಿ ಚೀಲದಿಂದ ಮೊಳೆ ತೆಗೆದು ಬಿಲ್ಲೆಯ ನಡುವೆ ತೂತು ಹೊಡೆಯಹೊರಟರು. ಅಕ್ಕ ತಡೆದಳು. ಮೊಳೆಯ ತೂತು ರಬ್ಬರಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಬಿಲ್ಲೆಯನ್ನು ಬಳೆಯಂತೆ ಕತ್ತರಿಸಿ, ಅಂಚನ್ನು ಮಾತ್ರ ಉಳಿಸಿ, ಮುಚ್ಚಳದ ಎರಡು ತೂತುಗಳ ಮೇಲೆ ತೆಳು ಬಟ್ಟೆಯ ತುಂಡೊಂದನ್ನು ಅಂಟಿಸಿದಳು. ಧೂಳಿಗೆ ತಡೆ, ಗಾಳಿಗೆ ದಾರಿ. ಬಾಯಿ ಹಚ್ಚಿ ಊದಿ ನೋಡಿದಳು. ಈ ಸಲ ನೋಡದೆ ಯಾವುದಕ್ಕೂ ಸರಿ ಗುರುತು ಹಾಕಲಿಲ್ಲ. ಉರಿದುಹೋದಷ್ಟು ಡೀಸೆಲ್ ಮತ್ತೆ ಸುರಿದು, ಕಂಠಮಟ್ಟ ತುಂಬಿಸಿಕೊಂಡು, ಮೇಲಿನ ಹೊಲಕ್ಕೆ ಹೊರಟಾಗ ಎಂಟೂಮುಕ್ಕಾಲು.

ಗುಜರಿಯವನು ಹತ್ತಕ್ಕೆ ಸರಿಯಾಗಿ ಬಂದ. ಲಾರಿ ನಿಲ್ಲಿಸಿ, ಹಗ್ಗ ಸರಪಳಿ ಕೆಳಗಿಳಿಸಿ, ಟ್ರ್ಯಾಕ್ಟರ್ ಎಲ್ಲಿ ಎಂದು ಕೇಳಿದ. ತಮ್ಮ ಮೇಲಿನ ಹೊಲದ ಕಡೆ ಕೈ ತೋರಿಸಿದ. ಅಲ್ಲಿ ಅದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುತ್ತಿತ್ತು, ತಿರುಗುತ್ತಿತ್ತು, ಮತ್ತೆ ಬರುತ್ತಿತ್ತು.

“ನಿಂತೋಗಿದೆ ಅಂದಿದ್ರಿ?”

“ಅಂದಿದ್ದೆ,” ಎಂದ ತಮ್ಮ. “ಸ್ವಲ್ಪ ಕೂತ್ಕೊಳ್ಳಿ. ಟೀ ಕುಡೀರಿ.”

ಟೀ ಮುಗಿಯಿತು. ತಮ್ಮ ಗಡಿಯಾರ ನೋಡುತ್ತಿದ್ದ, ಮೇಸ್ತ್ರಿ ಸೈಲೆನ್ಸರಿನ ಹೊಗೆಯ ಬಣ್ಣ ನೋಡುತ್ತಿದ್ದರು, ಗುಜರಿಯವನು ಅವರಿಬ್ಬರನ್ನೂ ನೋಡುತ್ತಿದ್ದ. ಸಾಲಿನ ಮೇಲೆ ಸಾಲು ಬಿತ್ತು. ಸೀಟಿನ ಮೇಲೆ ಅಕ್ಕ ಹಲ್ಲುಕಚ್ಚಿ ಕೂತಿದ್ದಳು. ಕಾರಣ ಗೊತ್ತಿದ್ದೂ, ಕಣ್ಣಾರೆ ಕಂಡಿದ್ದೂ, ಇಪ್ಪತ್ತನೇ ನಿಮಿಷ ಬಂದಾಗ, ಮೂವತ್ತನೆಯದು ಬಂದಾಗ, ಒಂದೊಂದು ಸಲವೂ ಅವಳ ಕಿವಿ ತಾನಾಗಿ ಸದ್ದು ತೆಳುವಾಗುವುದನ್ನು ಕಾಯುತ್ತಿತ್ತು. ಆಗಲಿಲ್ಲ. ಹತ್ತೂ ಐವತ್ತೆರಡಕ್ಕೆ ಕೊನೆಯ ಸಾಲು ಮುಗಿಸಿ, ನೇಗಿಲನ್ನು ಮೇಲೆತ್ತಿ, ಓಡುವ ಎಂಜಿನ್ನಿನೊಡನೆಯೇ ಲಾರಿಯ ಪಕ್ಕಕ್ಕೆ ಬಂದು ನಿಲ್ಲಿಸಿದಳು.

ತಮ್ಮ ಗುಜರಿಯವನ ಕಡೆ ತಿರುಗಿ, “ಕೊಡಲ್ಲ,” ಎಂದ. “ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.”

ಗುಜರಿಯವನು ಸರಪಳಿ ಲಾರಿಗೆಸೆದ. ನಡೆದದ್ದನ್ನು ಮೇಸ್ತ್ರಿಯ ಬಾಯಿಂದ ಅಷ್ಟರಲ್ಲಿ ಪೂರ್ತಿ ಕೇಳಿದ್ದ. ಹೊರಡುವ ಮುಂಚೆ ಅಕ್ಕನ ಹತ್ತಿರ ಬಂದು, “ಅಲ್ಲಕ್ಕ, ಬಿಲ್ಲೆ ತೆಗೆದುಬಿಟ್ಟು ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?” ಎಂದು ಕೇಳಿದ.

“ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದಳು ಅಕ್ಕ. “ಅದಕ್ಕೇ ನನ್ನ ತಮ್ಮ ಮುಂದಿನ ತಿಂಗಳು ಮತ್ತೆ ನಿಮ್ಮನ್ನ ಕರೀತಿದ್ದ.”

ಅವನು ನಕ್ಕು ಲಾರಿ ಹತ್ತಿದ. ಅಕ್ಕ ಫೋನ್ ತೆಗೆದು, ಎಂಜಿನ್ ಕೈಕೊಟ್ಟು ಎರಡು ಸಲ ಉಳುಮೆ ಮುಂದೂಡಬೇಕಾಗಿದ್ದ, ಅದೇ ರಸ್ತೆಯ ಮೂಲೆಮನೆಯವರಿಗೆ ಕರೆ ಮಾಡಿದಳು. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಆಚೆ ಕಡೆಯವರಿಗೆ ಕೇಳಿಸುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. “ಹೊಲದಲ್ಲಿರೋ ಕಡ್ಡಿ ಕಸ ಬದಿಗೆ ಹಾಕಿಸಿ. ಎರಡು ಗಂಟೆಗೆ ಬರ್ತೀನಿ. ಇಲ್ಲ, ನಿಲ್ಲಲ್ಲ. ಇವತ್ತೇ ಮುಗಿಸ್ತೀನಿ.”